ರೈಲು ರದ್ದಾದ ಸುದ್ದಿ ಮೊಬೈಲ್‌ಗೆ ಬರುವಂತೆ ಮಾಡಿಕೊಂಡಿದ್ದು ಹೀಗೆ

ದಾವಣಗೆರೆ ನಿಲ್ದಾಣ ನೈರುತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ ಸೇರಿದೆ. ಹಾಗೆಂದು ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ಮೈಸೂರು ಡಿಆರ್‌ಎಂ, ಅಂದರೆ ವಿಭಾಗದ ಮುಖ್ಯಾಧಿಕಾರಿಯ ಖಾತೆಯೊಂದನ್ನೇ ಫಾಲೋ ಮಾಡಿದರೆ ಸಾಲದು. ನಮ್ಮೂರಿನ ಮೇಲೆ ಹಾಯುವ ಎಷ್ಟೋ ಗಾಡಿಗಳು ಬೆಂಗಳೂರಿನಿಂದ ಹುಬ್ಬಳ್ಳಿ ಕಡೆಗೆ ಓಡುವಂಥವು. ಯಶವಂತಪುರದಲ್ಲಿ ಹಳಿ ಕೆಲಸ ನಡೆದರೂ ಇಲ್ಲಿ ಗಾಡಿ ತಪ್ಪುತ್ತದೆ. ಅದಕ್ಕೇ ಎಕ್ಸ್‌ನಲ್ಲಿ ನೈರುತ್ಯ ರೈಲ್ವೆಯ ಮುಖ್ಯ ಖಾತೆ, ಜೊತೆಗೆ ಮೈಸೂರು, ಬೆಂಗಳೂರು, ಹುಬ್ಬಳ್ಳಿ ವಿಭಾಗಗಳ ಖಾತೆ ಇಟ್ಟುಕೊಂಡಿದ್ದೇನೆ. ಎಕ್ಸ್‌ನಲ್ಲಿ ಸರ್ಕಾರಿ ಖಾತೆಗೆ ಸಿಗುವುದು ಬೂದು ಟಿಕ್. ನೀಲಿ ಟಿಕ್ಕನ್ನು ದುಡ್ಡು ಕೊಟ್ಟು ಯಾರು ಬೇಕಾದರೂ ಪಡೆಯಬಹುದು, ಅದನ್ನು ನಂಬಿಕೊಂಡು ಪ್ರಯಾಣ ಬದಲಿಸಬೇಡಿ.

ಫಾಲೋ ಮಾಡಿದ ಮಾತ್ರಕ್ಕೆ ಸೂಚನೆ ಬರುವುದಿಲ್ಲ. ಖಾತೆಯ ಪುಟದಲ್ಲಿರುವ ಗಂಟೆ ಗುರುತು ಒತ್ತಿ, ಎಲ್ಲ ಪೋಸ್ಟ್‌ಗಳನ್ನೂ ಆರಿಸಬೇಕು. ನಾಲ್ಕಕ್ಕೂ ಗಂಟೆ ಹಾಕಿದರೆ ಸಮಾರಂಭದ ಫೋಟೋಗಳ ನಡುವೆ ಬೇಕಾದ್ದೇ ಮುಳುಗಿಹೋಗುತ್ತದೆ. ನಾನು ಮುಖ್ಯ ಖಾತೆ ಮತ್ತು ಮೈಸೂರಿಗೆ ಮಾತ್ರ ಹಾಕಿದ್ದೇನೆ. ಉಳಿದವನ್ನು ಪ್ರಯಾಣದ ಹಿಂದಿನ ಸಂಜೆ ಹುಡುಕಿ ನೋಡುತ್ತೇನೆ. ಫೋನಿನ ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಈ ಆ್ಯಪ್‌ಗೆ ನಿರ್ಬಂಧ ತೆಗೆದಿರಬೇಕು. ಇಲ್ಲದಿದ್ದರೆ ರಾತ್ರಿ ಬಂದ ಸೂಚನೆ ಬೆಳಿಗ್ಗೆ ಕಾಣಿಸೀತು.

ಹುಡುಕುವಾಗ ‘ಲೇಟೆಸ್ಟ್’ ಟ್ಯಾಬ್ ಒತ್ತಿ. ‘ಟಾಪ್’ನಲ್ಲಿ ಹಳೆಯ ಪೋಸ್ಟ್‌ಗಳೇ ಮೇಲೆ ಬರುತ್ತವೆ. ಗಾಡಿ ಸಂಖ್ಯೆ ಹಾಕಿದರೂ ಏನೂ ಸಿಗದಿದ್ದರೆ ಕಾರಣ ಎರಡು. ಹೋಗಿ ಬರುವ ಜೋಡಿ ಗಾಡಿಯನ್ನು 16589/90 ಎಂದು ಮೊಟಕು ಮಾಡಿ ಬರೆದಿದ್ದರೆ 16590 ಎಂದು ಹುಡುಕಿದವರಿಗೆ ಅದು ಸಿಗುವುದಿಲ್ಲ. ಇನ್ನು ಪ್ರಕಟಣೆಯನ್ನು ಚಿತ್ರವಾಗಿ ಹಾಕಿದ್ದರಂತೂ ಸಂಖ್ಯೆ ಹುಡುಕಾಟಕ್ಕೆ ಸಿಗುವುದೇ ಕಷ್ಟ, ಚಿತ್ರ ತೆರೆದು ಓದಲೇಬೇಕು.

ಎಲ್ಲಕ್ಕಿಂತ ಹೆಚ್ಚು ಎಡವುವುದು ದಿನಾಂಕದಲ್ಲಿ. ಪ್ರಕಟಣೆಯ ‘ಜೆಸಿಒ’ ಎಂದರೆ ಗಾಡಿ ತನ್ನ ಮೊದಲ ನಿಲ್ದಾಣದಿಂದ ಹೊರಡುವ ದಿನ. 16589 ರಾಣಿ ಚೆನ್ನಮ್ಮ ರಾತ್ರಿ ಬೆಂಗಳೂರು ಬಿಟ್ಟು ನಸುಕಿನಲ್ಲಿ ದಾವಣಗೆರೆಗೆ ಬರುತ್ತದೆ. ಜೆಸಿಒ 14ರಂದು ರದ್ದು ಎಂದಿದ್ದರೆ ನಮಗಿಲ್ಲದ್ದು 15ರ ನಸುಕಿನ ಗಾಡಿ. ಇಲ್ಲಿಂದ ಹತ್ತುವವರ ಟಿಕೆಟ್‌ನಲ್ಲಿ 15 ಎಂದೇ ಇರುವುದರಿಂದ, 14 ಕಂಡು ‘ನಮ್ಮದಲ್ಲ’ ಎಂದುಕೊಂಡವರು ನಿಲ್ದಾಣಕ್ಕೆ ಹೋಗಿ ನಿಲ್ಲುತ್ತಾರೆ.

ಪದಗಳನ್ನೂ ಗಮನವಿಟ್ಟು ಓದಬೇಕು. ‘ಅರಸೀಕೆರೆ–ಹುಬ್ಬಳ್ಳಿ ನಡುವೆ ಭಾಗಶಃ ರದ್ದು’ ಎಂದರೆ ಬೆಂಗಳೂರಿನವರಿಗೆ ಅರ್ಧ ದಾರಿಯ ಗಾಡಿಯಾದರೂ ಉಂಟು, ದಾವಣಗೆರೆ ಆ ನಡುವೆಯೇ ಇರುವುದರಿಂದ ನಮಗೆ ಗಾಡಿಯೇ ಇಲ್ಲ. ಮಾರ್ಗ ಬದಲಾವಣೆ ಇದ್ದರೆ ಕೈಬಿಟ್ಟ ನಿಲ್ದಾಣಗಳ ಪಟ್ಟಿಯಲ್ಲಿ ದಾವಣಗೆರೆ, ಚಿಕ್ಕಜಾಜೂರು ಇವೆಯೇ ನೋಡಿ. ‘ರೀಶೆಡ್ಯೂಲ್’ ಎಂದರೆ ಹೊರಡುವುದೇ ತಡ. ‘ರೆಗ್ಯುಲೇಟ್’ ಎಂದರೆ ದಾರಿ ಮಧ್ಯೆ ನಿಲ್ಲಿಸಿಡುವುದು. ಆ ಜಾಗ ದಾವಣಗೆರೆ ದಾಟಿದ ಮೇಲಿದ್ದರೆ ಇಲ್ಲಿ ಗಾಡಿ ಎಂದಿನ ಹೊತ್ತಿಗೇ ಬರುತ್ತದೆ, ತಡ ಎಂದು ಮನೆಯಲ್ಲಿ ಕೂರಬಾರದು.

ಹೊರಡುವ ಮುನ್ನ ಗಾಡಿಗಳ ಓಡಾಟ ತೋರಿಸುವ ರೈಲ್ವೆಯ ಎನ್‌ಟಿಇಎಸ್ ಆ್ಯಪ್‌ನಲ್ಲಿ ನೋಡಿ ಅಥವಾ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ ಖಚಿತಪಡಿಸಿಕೊಳ್ಳಿ. ಆ್ಯಪ್‌ನಲ್ಲೂ ದಿನಾಂಕ ಆರಿಸುವಾಗ ಮೇಲೆ ಹೇಳಿದ ಲೆಕ್ಕ ನೆನಪಿರಲಿ.

ಬಸ್ಸಿನ ವಿಷಯದಲ್ಲಿ ಫಾರ್ವರ್ಡ್ ಸಂದೇಶಗಳದೇ ಕಾಟ. 2025ರ ಆಗಸ್ಟ್ 5ರಂದು ಶುರುವಾದ ಸಾರಿಗೆ ನೌಕರರ ಮುಷ್ಕರ ಅದೇ ದಿನ ಹಿಂದಕ್ಕೆ ಹೋಯಿತು. ಇಂಥ ದಿನ ಬೆಳಗಿನ ಸಂದೇಶ ಸಂಜೆಗೆ ಸುಳ್ಳಾಗಿರುತ್ತದೆ. ಕೆಎಸ್‌ಆರ್‌ಟಿಸಿಯ ಅಧಿಕೃತ ಖಾತೆಯಲ್ಲಿ ಪೋಸ್ಟ್ ಹಾಕಿದ ಸಮಯವನ್ನು ನೋಡಿಯೇ ನಿರ್ಧರಿಸಿ. ಖಾಸಗಿ ಬಸ್ಸುಗಳಿಗೆ ಈ ದಾರಿ ನಡೆಯದು, ಏಜೆಂಟರಿಗೇ ಫೋನ್ ಮಾಡಬೇಕು.

ರೈಲ್ವೆಯೇ ಗಾಡಿ ಪೂರ್ತಿ ರದ್ದು ಮಾಡಿದರೆ ಇ-ಟಿಕೆಟ್ ಹಣ ತಾನಾಗಿ ವಾಪಸಾಗುತ್ತದೆ. ಗಾಡಿ ಮೂರು ಗಂಟೆಗಿಂತ ಹೆಚ್ಚು ತಡವಾಗಿ ನೀವು ಹೋಗದೇ ಇದ್ದರೆ, ಅದು ನಿಜವಾಗಿ ಹೊರಡುವ ಮೊದಲೇ ಟಿಡಿಆರ್ (ಹಣ ವಾಪಸ್ ಕೋರುವ ಅರ್ಜಿ) ಸಲ್ಲಿಸಿ.