ಕವರ್ ಖಾಲಿ ಬಿಟ್ಟ ಕ್ಯಾಪ್ಟನ್

ಹಾಸನದಲ್ಲಿ ಮಳೆ ಹಿಡಿಯಿತೆಂದರೆ ಸಂಜೆಯ ಆಟ ನಿಂತ ಹಾಗೆಯೇ. ಅಂಥ ಒಂದು ಮಳೆಗಾಲದಲ್ಲಿ ಸುಮ್ನೆ ಕೂರಲಾಗದೆ, ಗೋಡೋ ಗೇಮ್ ಎಂಜಿನ್‌ನಲ್ಲಿ ಚಿಕ್ಕದೊಂದು ಟಿ20 ಗೇಮ್ ಮಾಡಲು ಹೊರಟೆ. ಬ್ಯಾಟ್ ಬೀಸುವುದು, ಚೆಂಡು ಪುಟಿಯುವುದು ಎಲ್ಲ ಒಂದೆರಡು ತಿಂಗಳಲ್ಲಿ ಮುಗಿಯಿತು. ಎದುರಾಳಿ ಕ್ಯಾಪ್ಟನ್‌ಗೆ ತಲೆ ಕೂರಿಸಲು ಒಂದೂವರೆ ವರ್ಷ ಹಿಡಿಯಿತು.

ಮೊದಲನೆಯವನು ಶುದ್ಧ ದಡ್ಡ. ಫೋರ್ ಹೋದ ಕಡೆಗೆ ಮುಂದಿನ ಚೆಂಡಿಗೇ ಒಬ್ಬನನ್ನು ಓಡಿಸುತ್ತಿದ್ದ. ಪಾಯಿಂಟ್ ಕಡೆ ಕಟ್ ಮಾಡಿದರೆ ಮಿಡ್‌ವಿಕೆಟ್ ಖಾಲಿ. ಮಿಡ್‌ವಿಕೆಟ್‌ಗೆ ಎತ್ತಿದರೆ ಪಾಯಿಂಟ್ ಖಾಲಿ. 20 ಓವರ್‌ಗೆ 300 ದಾಟುತ್ತಿತ್ತು. ಸಿಟ್ಟು ಬಂದು ಎರಡನೆಯವನಿಗೆ ಕಳ್ಳಗಣ್ಣು ಕೊಟ್ಟೆ. ನಾನು ಒತ್ತುವ ಬಟನ್ ನೋಡಿಕೊಂಡೇ ಅವನ ಫೀಲ್ಡರ್‌ಗಳು ಹೊರಡುತ್ತಿದ್ದರು. ಪಕ್ಕದ ಮನೆಯ ಹುಡುಗ ಐದು ಓವರ್ ಆಡಿ ಕಂಟ್ರೋಲರ್ ಕೆಳಗಿಟ್ಟ. "ಅಣ್ಣಾ, ಇವ್ನು ನನ್ನ ಕೈ ನೋಡ್ತಿದ್ದಾನೆ" ಅಂದ. ಹತ್ತು ವರ್ಷದವನೇ ಹಿಡಿದ ಮೋಸ ಇನ್ಯಾರಿಗೆ ಕಾಣುವುದಿಲ್ಲ? ಅಷ್ಟನ್ನೂ ಅಳಿಸಿ ಹಾಕಿದೆ.

ಮಳೆ ಬಿಟ್ಟ ಮೇಲೆ ಭಾನುವಾರಗಳಲ್ಲಿ ನೋಟ್‌ಬುಕ್ ಹಿಡಿದು ಟೆನಿಸ್ ಬಾಲ್ ಮ್ಯಾಚ್ ನೋಡಲು ಹೋಗುತ್ತಿದ್ದೆ. ರನ್ ಬರೆಯಲಿಲ್ಲ. ಕ್ಯಾಪ್ಟನ್ ಯಾವಾಗ ಯಾರನ್ನು ಎಲ್ಲಿಗೆ ಕಳಿಸಿದ ಅಂತ ಮಾತ್ರ ಬರೆದುಕೊಂಡೆ. ಒಳ್ಳೆಯ ಕ್ಯಾಪ್ಟನ್ ಒಂದು ಫೋರ್‌ಗೆ ಅಲುಗಾಡುವುದಿಲ್ಲ. ಎರಡನೆಯದಕ್ಕೆ ಬೌಲರ್ ಹತ್ತಿರ ಹೋಗಿ ಮಾತಾಡುತ್ತಾನೆ. ಮೂರನೆಯದಕ್ಕೆ ಫೀಲ್ಡ್ ಬದಲಿಸುತ್ತಾನೆ, ಕೆಲವೊಮ್ಮೆ ತಪ್ಪಾಗಿಯೇ. ಅವನ ಹತ್ತಿರ ಇರುವುದು ಕಣ್ಣಿಗೆ ಬಿದ್ದದ್ದು ಮತ್ತು ಊಹೆ, ಎರಡೇ.

ಹಾಗಾಗಿ ಮೂರನೆಯವನಿಗೆ ಬುದ್ಧಿಗಿಂತ ಮೊದಲು ಮರೆವು ಕೊಟ್ಟೆ. ಮೈದಾನವನ್ನು 12 ಹೋಳು ಮಾಡಿದೆ. ಚೆಂಡು ಹೋದ ಹೋಳಿಗೆ ಒಂದು ಅಂಕ. ಪ್ರತಿ ಚೆಂಡಿಗೂ ಹಳೆಯ ಅಂಕಗಳನ್ನೆಲ್ಲ 0.9ರಿಂದ ಗುಣಿಸುತ್ತೇನೆ. ಒಂದು ಓವರ್ ಕಳೆಯುವಷ್ಟರಲ್ಲಿ ಹಳೆಯದರ ತೂಕ ಅರ್ಧದ ಹತ್ತಿರಕ್ಕೆ ಇಳಿದಿರುತ್ತದೆ. ಈ ನೆನಪಿನ ಮೇಲೆ ಅವನು ಬೇರೆ ಬೇರೆ ಫೀಲ್ಡ್‌ಗಳನ್ನು ತೂಗುತ್ತಾನೆ: ಎಷ್ಟು ರನ್ ಉಳಿದೀತು, ವಿಕೆಟ್ ಬೀಳುವ ಆಸೆ ಎಷ್ಟು. ಎರಡನೇ ಓವರ್‌ನ ವಿಕೆಟ್‌ಗೂ ಇಪ್ಪತ್ತನೇ ಓವರ್‌ನ ವಿಕೆಟ್‌ಗೂ ಬೆಲೆ ಒಂದೇ ಅಲ್ಲ ಅಲ್ವಾ? ಚೆಂಡು ಕಡಿಮೆಯಾದಂತೆ ಆ ಬೆಲೆಯನ್ನು ಇಳಿಸಿದೆ. ಕೊನೆಯ ಡೆತ್ ಓವರ್‌ಗಳು ಬರುತ್ತಿದ್ದಂತೆ, ಕ್ಯಾಚ್‌ಗೆಂದು ಕೀಪರ್ ಪಕ್ಕ ಸ್ಲಿಪ್‌ನಲ್ಲಿದ್ದವನು ತಾನಾಗಿಯೇ ಬೌಂಡರಿಗೆ ನಡೆದ. ಹಾಗೆ ನಡೆ ಅಂತ ನಾನೆಲ್ಲೂ ಬರೆದಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ.

ಆಟದ ಕಾನೂನನ್ನು ಮಾತ್ರ ನಾವೇ ಬರೆಯಬೇಕು. ಮೊದಲ 6 ಓವರ್ ಮೈದಾನದ ಒಳ ವೃತ್ತದ ಹೊರಗೆ ಇಬ್ಬರೇ ಫೀಲ್ಡರ್‌ಗಳು, ಆಮೇಲೆ ಐವರು. ಲೆಗ್ ಸೈಡಿನಲ್ಲಿ ಸ್ಕ್ವೇರ್‌ಗೆ, ಅಂದರೆ ಬ್ಯಾಟ್ಸ್‌ಮನ್ ನಿಂತ ಗೆರೆಗೆ, ಹಿಂದೆ ಕೀಪರ್ ಬಿಟ್ಟು ಇಬ್ಬರಿಗಿಂತ ಜಾಸ್ತಿ ನಿಲ್ಲುವಂತಿಲ್ಲ. ಈ ಕೊನೆಯದು ನನಗೆ ಮರೆತೇ ಹೋಗಿತ್ತು. ನಮ್ಮ ಕ್ಯಾಪ್ಟನ್ ಅಲ್ಲಿ ನಾಲ್ವರನ್ನು ಗುಡ್ಡೆ ಹಾಕಿ ಬೌನ್ಸರ್ ಮೇಲೆ ಬೌನ್ಸರ್ ಹಾಕಿಸಿದ. 1932-33ರಲ್ಲಿ ಆಸ್ಟ್ರೇಲಿಯಾದ ಬ್ರಾಡ್‌ಮನ್ ಎದುರು ಇಂಗ್ಲೆಂಡ್ ಕ್ಯಾಪ್ಟನ್ ಜಾರ್ಡಿನ್ ಹೂಡಿದ ಬಾಡಿಲೈನ್ ತಂತ್ರವನ್ನು ನನ್ನ ಲ್ಯಾಪ್‌ಟಾಪ್ ಯಾರೂ ಹೇಳಿಕೊಡದೆ ಕಲಿತಿತ್ತು!

ಬೌಲರ್ ಯಾರು ಅನ್ನುವುದೂ ಲೆಕ್ಕಕ್ಕೆ ಬರಬೇಕು. ವೇಗದ ಬೌಲರ್ ಜಾವಗಲ್ ಶ್ರೀನಾಥ್ ಥರ ಚೆಂಡನ್ನು ಒಳಕ್ಕೆ ತರುವವನಿಗೂ ಹೊರಕ್ಕೆ ಒಯ್ಯುವವನಿಗೂ ಒಂದೇ ಫೀಲ್ಡ್ ಕೊಟ್ಟರೆ, ಜಾವಗಲ್ ಇರುವ ಜಿಲ್ಲೆಯಲ್ಲಿ ತಲೆ ಎತ್ತಿ ಓಡಾಡುವುದು ಕಷ್ಟ.

ಕೊನೆಗೆ ಸೇರಿಸಿದ್ದು ಹಟ. ಒಂದೊಂದು ಚೆಂಡಿಗೂ ಯೋಚಿಸುವುದನ್ನು ಬಿಡಿಸಿ, ಇಡೀ ಓವರ್‌ಗೆ ಒಂದು ಉಪಾಯ ಹಿಡಿದು ಕೂರುವಂತೆ ಮಾಡಿದೆ. ಎರಡು ಫೋರ್ ಹೋದರೂ ಬಿಡಬಾರದು. ಅದನ್ನು ಹಾಕಿ ಅದೇ ಸಂಜೆ ನಾನೇ ಬ್ಯಾಟ್ ಹಿಡಿದೆ. ಕವರ್ ಖಾಲಿ ಇತ್ತು. ಡ್ರೈವ್ ಮಾಡಿದೆ, ಫೋರ್. ಮತ್ತೆ ಡ್ರೈವ್, ಮತ್ತೆ ಫೋರ್. ಆದರೂ ಅವನು ಅಲ್ಲಿಗೆ ಯಾರನ್ನೂ ಕಳಿಸಲಿಲ್ಲ. ಯಾಕೆ ಅಂತ ನನಗೆ ಗೊತ್ತಿರಬೇಕಿತ್ತು, ಕೋಡ್ ನನ್ನದೇ. ಮೂರನೆಯದು ಸ್ವಲ್ಪ ಅಗಲವಾಗಿ ಬಿದ್ದು ಇನ್ನಷ್ಟು ಹೊರಗೆ ಹೋಯಿತು. ಬ್ಯಾಟಿನ ಅಂಚು, ಸ್ಲಿಪ್‌ನಲ್ಲಿ ಕ್ಯಾಚ್.