ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಪ್ರೊಸೆಸರ್ ಆರಿಸುವುದು ಹೇಗೆ

ನಮ್ಮ ಪಾಲಿಟೆಕ್ನಿಕ್ಕಿನ ಉಗ್ರಾಣದಲ್ಲಿ ಹನ್ನೊಂದು ಹಳೆಯ ವಿಜಿಎ ಮಾನಿಟರ್‌ಗಳಿದ್ದವು, ಪಕ್ಕದಲ್ಲಿ ದುಂಡು ಪಿನ್ನಿನ ಪಿಎಸ್/2 ಕೀಬೋರ್ಡುಗಳ ರಾಶಿ. ಯಾವುದೂ ಕೆಟ್ಟಿರಲಿಲ್ಲ, ಜೋಡಿಸಲು ಕಂಪ್ಯೂಟರ್ ಇರಲಿಲ್ಲ. ಸ್ವಿಚ್ ಹಾಕಿದೊಡನೆ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ತೆರೆದುಕೊಳ್ಳುವ, 600 ರೂಪಾಯಿಯೊಳಗೆ ಮುಗಿಯುವ ಬೋರ್ಡ್ ಮಾಡಲು ಹೊರಟೆ. ಪ್ರೊಸೆಸರ್ ಆರಿಸುವುದಕ್ಕೇ ನಾಲ್ಕು ತಿಂಗಳು ಹಿಡಿಯಿತು. ಈಗ ಮತ್ತೆ ಮಾಡುವುದಾದರೆ ಯಾವ ಕ್ರಮದಲ್ಲಿ ನೋಡುತ್ತೇನೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ವೇಗವನ್ನು ಆಮೇಲೆ ನೋಡಿ, ಮೊದಲು ಪರದೆಯ ಮೆಮೊರಿಯನ್ನು ಲೆಕ್ಕ ಹಾಕಿ. 640×480ರ ಪರದೆಯಲ್ಲಿ 3,07,200 ಚುಕ್ಕಿಗಳಿವೆ. ಕಪ್ಪು-ಬಿಳುಪಾದರೆ ಚುಕ್ಕಿಗೊಂದು ಬಿಟ್, ಒಟ್ಟು 38,400 ಬೈಟ್. 256 ಬಣ್ಣ ಬೇಕೆಂದರೆ ಚುಕ್ಕಿಗೊಂದು ಬೈಟ್, ಅಂದರೆ 3,07,200 ಬೈಟ್. ಅದೇ 256 ಬಣ್ಣಕ್ಕೆ 320×240 ಸಾಕೆನಿಸಿದರೆ 76,800 ಬೈಟಿಗೆ ಇಳಿಯುತ್ತದೆ. ಈ ಅಂಕಿಗಳನ್ನು ಕಾಗದದ ಮೇಲೆ ಬರೆದ ದಿನವೇ ನನ್ನ ಪಟ್ಟಿ ಅರ್ಧಕ್ಕಿಳಿಯಿತು. ಸಿಎಚ್32ವಿ003 ಎಂಬ ಚಿಪ್ ಎಷ್ಟೇ ಅಗ್ಗವಾಗಿರಲಿ, ಅದರ 2 ಕಿಲೋಬೈಟ್ ರ್‍ಯಾಮಿನಲ್ಲಿ ಪರದೆಯ ಒಂದು ಮೂಲೆಯೂ ಹಿಡಿಸದು.

ಡಿಪ್ಲೊಮಾದಲ್ಲಿ 8085 ಎಂಬ ಹಳೆಯ ಪ್ರೊಸೆಸರಿನ ಕಿಟ್ಟಿನ ಮೇಲೆ ಕೈ ಪಳಗಿಸಿದವಳು ನಾನು. ಹಾಗಾಗಿ ಅದರಂತೆಯೇ ಇಂಟೆಲ್ 8080 ಪ್ರೊಸೆಸರಿನ ಸಂತತಿಯಾದ ಝೆಡ್80 ಕಡೆಗೆ ಮನಸ್ಸು ವಾಲಿತ್ತು. ಆನ್‌ಲೈನಿನಲ್ಲಿ ಐದು ಚಿಪ್ ತರಿಸಿದೆ. ಮೇಲೆ 20 ಮೆಗಾಹರ್ಟ್ಸ್‌ನ ಸಿಮಾಸ್ (ಕಡಿಮೆ ವಿದ್ಯುತ್ ಬಳಸುವ) ಮಾದರಿ ಎಂಬ ಸಂಖ್ಯೆ ಇತ್ತು, ಆದರೆ ವಿದ್ಯುತ್ ಕೊಟ್ಟ ಸ್ವಲ್ಪ ಹೊತ್ತಿಗೇ ಮೈ ಬಿಸಿಯಾಯಿತು. ಹತ್ತಿಗೆ ಅಸಿಟೋನ್ ಹಾಕಿ ಉಜ್ಜಿದೆ. ಅಚ್ಚು ಕರಗಿ ಹತ್ತಿಯೆಲ್ಲ ಕಪ್ಪಾಯಿತು, ಅಡಿಯಲ್ಲಿ ಬೇರೆ ಸಂಖ್ಯೆಯ ಗೀರುಗಳು ಕಂಡವು. ಇನ್ನೂ ಖಚಿತವಾದ ಪರೀಕ್ಷೆಯೊಂದಿದೆ: ತಯಾರಕರ ಕೈಪಿಡಿಯಲ್ಲಿಲ್ಲದ ಇಡಿ 71 ಎಂಬ ಆಜ್ಞೆಯನ್ನು ನಡೆಸಿದರೆ ಹಳೆಯ ಎನ್‌ಮಾಸ್ ಚಿಪ್ ಪೋರ್ಟಿಗೆ ಸೊನ್ನೆಯನ್ನು ಕಳಿಸುತ್ತದೆ, ಸಿಮಾಸ್ ಚಿಪ್ 255ನ್ನು. ನನ್ನ ಐದೂ ಸೊನ್ನೆ ಕೊಟ್ಟವು, ಅಂದರೆ ಹಳೆಯವೇ. 1976ರಲ್ಲಿ ಹುಟ್ಟಿದ ಈ ಚಿಪ್ಪಿಗೆ ಝೈಲಾಗ್ ಕಂಪನಿ ಕೊನೆಯ ಆರ್ಡರ್ ಪಡೆದದ್ದು 2024ರ ಜೂನ್‌ನಲ್ಲಿ. ಹಳೆಯ ದಾಸ್ತಾನನ್ನು ನಂಬಿ ಹೊಸ ವಿನ್ಯಾಸ ಮಾಡುವುದು ಬೇಡ.

ಮೆಮೊರಿಯ ಯಾವ ಜಾಗ ಬೇಕೆಂದು ತಿಳಿಸುವ ತಂತಿಗಳನ್ನು, ಅಂದರೆ ವಿಳಾಸ ಬಸ್ಸನ್ನು, ಕಣ್ಣಾರೆ ಕಂಡು ಕಲಿಯಬೇಕು, ಪ್ರೊಸೆಸರಿನ ಕೆಲಸಕ್ಕೆ ತಾಳ ಹಾಕುವ ಕ್ಲಾಕನ್ನು ನಿಲ್ಲಿಸಿ ಹೆಜ್ಜೆ ಹೆಜ್ಜೆಯಾಗಿ ನಡೆಸಬೇಕು ಎನ್ನುವವರಿಗೆ ಡಬ್ಲ್ಯು65ಸಿ02 ಎಂಬ ಪ್ರೊಸೆಸರ್ ಇದೆ. ಹೊಸದಾಗಿಯೇ ತಯಾರಾಗುತ್ತದೆ, 40 ಕಾಲಿನ ಡಿಪ್ (ಎರಡು ಸಾಲು ಕಾಲುಗಳ) ರೂಪದಲ್ಲಿ ಸಿಗುತ್ತದೆ, ಬೆಸುಗೆಯಿಲ್ಲದೆ ಸರ್ಕ್ಯೂಟ್ ಜೋಡಿಸುವ ಬ್ರೆಡ್‌ಬೋರ್ಡಿನಲ್ಲಿ ಸಲೀಸಾಗಿ ಕೂರುತ್ತದೆ. ಆದರೆ ಅದರ ಸುತ್ತ ರ್‍ಯಾಮ್, ಪ್ರೋಗ್ರಾಮನ್ನು ಶಾಶ್ವತವಾಗಿ ಇಡುವ ರಾಮ್, ವಿಳಾಸ ಬಿಡಿಸುವ ಚಿಪ್‌ಗಳು, ವಿಡಿಯೊಗೆ ಬೇರೆಯದೇ ಸರ್ಕ್ಯೂಟ್ ಬೇಕು. ಪ್ರೊಸೆಸರಿನ ಬೆಲೆಗೆ ಈ ಪರಿವಾರದ ಬೆಲೆಯನ್ನೂ ಕೂಡಿಸಿ ನೋಡಿ. ನನ್ನ 600 ರೂಪಾಯಿಗೆ ಅದು ಒಗ್ಗಲಿಲ್ಲ, ಬಿಡುವಾಗ ಬೇಸರವಾದದ್ದು ನಿಜ.

ಕೊನೆಗೆ ನಿಂತದ್ದು ರಾಸ್ಪ್‌ಬೆರಿ ಪೈ ಕಂಪನಿಯ ಚಿಪ್ ಆರ್‌ಪಿ2040. 264 ಕಿಲೋಬೈಟ್ ರ್‍ಯಾಮ್ ಒಳಗೇ ಇದೆ. ಪಿನ್ನುಗಳನ್ನು ಕರಾರುವಾಕ್ಕಾಗಿ ನಡೆಸಲೆಂದೇ ಪಿಐಒ ಎಂಬ ಎಂಟು ಪುಟ್ಟ ಯಂತ್ರಗಳಿವೆ, ವಿಜಿಎ ಸಂಕೇತವನ್ನು ಅವೇ ಹೊರಡಿಸುತ್ತವೆ. ವಿಜಿಎಗೆ ಚುಕ್ಕಿಗಳ ವೇಗವನ್ನು 25.175 ಮೆಗಾಹರ್ಟ್ಸ್ ಎಂದು ಹೊಂದಿಸುವ ತಲೆನೋವು ಬೇಡ: ಚಿಪ್ಪನ್ನು 126 ಮೆಗಾಹರ್ಟ್ಸ್‌ನಲ್ಲಿ ಓಡಿಸಿ ಐದರಿಂದ ಭಾಗಿಸಿದರೆ 25.2 ಬರುತ್ತದೆ, ನಮ್ಮ ಹನ್ನೊಂದು ಮಾನಿಟರ್‌ಗಳೂ ಅದನ್ನು ಒಪ್ಪಿಕೊಂಡವು. ಬಣ್ಣದ ಪ್ರತಿ ತಂತಿಗೆ ಒಂದೇ ಬಿಟ್ ಆದರೆ 270 ಓಮ್‌ನ ಒಂದು ರೆಸಿಸ್ಟರ್ ಸಾಕು, ಮಾನಿಟರಿನ 75 ಓಮ್ ಜೊತೆ ಸೇರಿ 3.3 ವೋಲ್ಟ್ ಸುಮಾರು 0.7ಕ್ಕೆ ಇಳಿಯುತ್ತದೆ. ಹೊರಗೆ ಬೇಕಾದದ್ದು ಫ್ಲ್ಯಾಶ್ ಚಿಪ್, 12 ಮೆಗಾಹರ್ಟ್ಸ್ ಕ್ರಿಸ್ಟಲ್, 3.3 ವೋಲ್ಟಿನ ರೆಗ್ಯುಲೇಟರ್, ಒಂದಿಷ್ಟು ಕೆಪಾಸಿಟರ್.

ವೋಲ್ಟೇಜಿನಲ್ಲಿ ಎಚ್ಚರವಿರಲಿ. ಕೀಬೋರ್ಡ್ 5 ವೋಲ್ಟಿನದು, ಆರ್‌ಪಿ2040 ಅದನ್ನು ತಾಳದು. ಕ್ಲಾಕ್, ಡೇಟಾ ಎರಡು ತಂತಿಗಳಿಗೆ, 5 ವೋಲ್ಟನ್ನು 3.3ಕ್ಕೆ ಹೊಂದಿಸಲು, ಒಂದೊಂದು ಬಿಎಸ್‌ಎಸ್138 ಮಾಸ್‌ಫೆಟ್, ಒಟ್ಟು ನಾಲ್ಕು ರೆಸಿಸ್ಟರ್ ಹಾಕಿದೆ. 2024ರಲ್ಲಿ ಬಂದ ಆರ್‌ಪಿ2350ರಲ್ಲಿ 520 ಕಿಲೋಬೈಟ್ ರ್‍ಯಾಮ್ ಇದೆ, ತನಗೆ ವಿದ್ಯುತ್ ಬರುತ್ತಿರುವಾಗ ಅದರ ಡಿಜಿಟಲ್ ಪಿನ್ನುಗಳು 5 ವೋಲ್ಟನ್ನೂ ತಾಳುತ್ತವೆ. 640×480ರಲ್ಲಿ 256 ಬಣ್ಣ ಬೇಕೆನ್ನುವವರು ಅದನ್ನೇ ಆರಿಸಿ. ಆದರೆ ಅದರ ಎ2 ಆವೃತ್ತಿಯಲ್ಲಿ ಪಿನ್ನನ್ನು ಸೊನ್ನೆ ವೋಲ್ಟಿಗೆ ಎಳೆದಿಡುವ ಒಳಗಿನ ಪುಲ್-ಡೌನ್ ಕೈಕೊಟ್ಟು ಪಿನ್ ಸುಮಾರು 2.2 ವೋಲ್ಟಿನಲ್ಲೇ ಸಿಕ್ಕಿಕೊಳ್ಳುತ್ತದೆ, ಹೊರಗಿನಿಂದ 8.2 ಕಿಲೋಓಮ್ ಅಥವಾ ಅದಕ್ಕಿಂತ ಕಡಿಮೆಯ ರೆಸಿಸ್ಟರ್ ಹಾಕಬೇಕು. ಯಾವುದೇ ಚಿಪ್ಪಿನ ಡೇಟಾಶೀಟ್ ತೆರೆದರೂ ದೋಷಪಟ್ಟಿಯ ಪುಟವನ್ನು ಮೊದಲು ಓದಿ.

ಲಿನಕ್ಸ್ ಓಡಲೇಬೇಕು ಎನ್ನುವವರು ಆಲ್‌ವಿನ್ನರ್ ಎಫ್1ಸಿ100ಎಸ್‌ನಂತೆ ರ್‍ಯಾಮ್ ಒಳಗೇ ಇರುವ ಚಿಪ್ ಹುಡುಕಿ. ಹೊರಗಿನ ಡಿಡಿಆರ್ ಮೆಮೊರಿಗೆ ತಂತಿಗಳ ಉದ್ದ ಹೊಂದಿಸುವುದು ಮೊದಲ ಬೋರ್ಡಿನ ಕೆಲಸವಲ್ಲ.

ಇನ್ನು ಬೆಸುಗೆ. ಆರ್‌ಪಿ2040ಕ್ಕೆ ಹೊರಚಾಚಿದ ಕಾಲುಗಳಿಲ್ಲ. 7 ಮಿಲಿಮೀಟರ್ ಚೌಕದ ಅಂಚಿನಲ್ಲಿ 56 ಸಂಪರ್ಕಗಳು, ನಡುವಿನ ಅಂತರ 0.4 ಮಿಲಿಮೀಟರ್, ಹೊಟ್ಟೆಯಡಿಯಲ್ಲಿ ಗ್ರೌಂಡ್. ಆ ಅಡಿಭಾಗಕ್ಕೆ ಸಾಮಾನ್ಯ ಸೋಲ್ಡರಿಂಗ್ ಐರನ್ ತಲುಪದು, ಬಿಸಿಗಾಳಿಯ ಯಂತ್ರ ಬೇಕು. ಅದಿಲ್ಲದವರು ಅದೇ ಚಿಪ್ ಮೊದಲೇ ಬೆಸೆದಿರುವ ಪಿಕೊ ಎಂಬ ಸಿದ್ಧ ಮಾಡ್ಯೂಲನ್ನೇ ತಮ್ಮ ಬೋರ್ಡಿನ ಮೇಲೆ ಕೂರಿಸಿ. ನನ್ನ ಮೊದಲ ಮೂರು ಬೋರ್ಡುಗಳು ಹಾಗೆಯೇ ಆದವು. ಬರಿಯ ಚಿಪ್ಪಿನ ವಿನ್ಯಾಸವಾದರೆ, ಬೋರ್ಡ್ ಮಾಡಿಸಲು ಹಣ ಕಟ್ಟುವ ಮುನ್ನ ನಕ್ಷೆಯನ್ನು ನಿಜ ಅಳತೆಯಲ್ಲಿ ಕಾಗದಕ್ಕೆ ಅಚ್ಚು ಹಾಕಿ, ಅದರ ಮೇಲೆ ಚಿಪ್ ಇಟ್ಟು ಭೂತಗನ್ನಡಿಯಲ್ಲಿ ಅಂಚು ಅಂಚನ್ನೂ ನೋಡಿ. ಒಂದನೇ ಪಿನ್ನಿನ ಚುಕ್ಕೆ ಯಾವ ಮೂಲೆಯಲ್ಲಿದೆ ಎಂಬುದನ್ನು ಆಗಲೇ ಗುರುತು ಮಾಡಿಕೊಳ್ಳಿ.