ಧ್ರುವದ ಮಂಜುಗಡ್ಡೆಯನ್ನು ನಾನು ಲೆಕ್ಕ ಹಾಕಿದ್ದು ಹೀಗೆ

ಆರ್ಕ್ಟಿಕ್ ಸಮುದ್ರದ ಮಂಜುಗಡ್ಡೆ ಕರಗುತ್ತಿದೆ ಅಂತ ಓದುತ್ತಲೇ ಇರುತ್ತೇವೆ. ಆ ಅಂಕಿ ಎಲ್ಲಿಂದ ಬರುತ್ತದೆ ಅಂತ ನಾನೇ ಲೆಕ್ಕ ಮಾಡಿ ನೋಡಬೇಕು ಅನ್ನಿಸಿತು. ಇದಕ್ಕೆ ಧ್ರುವಕ್ಕೆ ಹೋಗಬೇಕಾಗಿಲ್ಲ. ಉಪಗ್ರಹದ ಡೇಟಾ ಉಚಿತವಾಗಿ ಸಿಗುತ್ತದೆ. ಸಾಧಾರಣ ಲ್ಯಾಪ್‌ಟಾಪ್ ಇದ್ದು, ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಸ್ವಲ್ಪ ಗೊತ್ತಿದ್ದರೆ ಸಾಕು.

ಈ ದಾಖಲೆ 1978ರ ಕೊನೆಯಲ್ಲಿ, ನಿಂಬಸ್-7 ಉಪಗ್ರಹದಿಂದ ಶುರುವಾಗುತ್ತದೆ. ಇವು ಫೋಟೋಗಳಲ್ಲ. ಧ್ರುವದಲ್ಲಿ ಚಳಿಗಾಲವಿಡೀ ಕತ್ತಲೆ, ಬೇಸಿಗೆಯಲ್ಲಿ ಮೋಡ. ಕ್ಯಾಮೆರಾದಿಂದ ದಿನದಿನದ ಲೆಕ್ಕ ಸಿಗುವುದಿಲ್ಲ. ಆದರೆ ಸಮುದ್ರದ ಮೇಲ್ಮೈ ತಾನಾಗಿಯೇ ಮೈಕ್ರೋವೇವ್ ಹೊಮ್ಮಿಸುತ್ತಿರುತ್ತದೆ, ನೀರಿಗಿಂತ ಮಂಜುಗಡ್ಡೆ ಜಾಸ್ತಿ ಹೊಮ್ಮಿಸುತ್ತದೆ. ಆ ವ್ಯತ್ಯಾಸ ನೋಡಿ, 25 ಕಿಲೋಮೀಟರ್ ಅಗಲದ ಪ್ರತಿ ಚೌಕದಲ್ಲೂ ಶೇಕಡಾ ಎಷ್ಟು ಮಂಜುಗಡ್ಡೆ ಇದೆ ಅಂತ ಹೇಳುತ್ತಾರೆ.

ನನ್ನ ಕೆಲಸ ಇಲ್ಲಿಂದ ಮುಂದೆ. ಶೇ. 15 ಅಥವಾ ಅದಕ್ಕಿಂತ ಜಾಸ್ತಿ ಇರುವ ಚೌಕವನ್ನು ಪೂರ್ತಿ ಮಂಜುಗಡ್ಡೆ ಅಂತಲೇ ಎಣಿಸಬೇಕು. ಕಡಿಮೆ ಇದ್ದರೆ ಬಿಟ್ಟುಬಿಡಬೇಕು. ಶೇ. 20 ಇರುವ ಚೌಕವನ್ನು ಪೂರ್ತಿ ಎಣಿಸುವುದು ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಕಾರಣ ಇದೆ. ಬೇಸಿಗೆಯಲ್ಲಿ ಮಂಜುಗಡ್ಡೆಯ ಮೇಲೆಯೇ ಕರಗಿದ ನೀರು ಕೊಳದಂತೆ ನಿಲ್ಲುತ್ತದೆ. ಉಪಗ್ರಹಕ್ಕೆ ಅದು ತೆರೆದ ಸಮುದ್ರದ ಹಾಗೆಯೇ ಕಾಣುತ್ತದೆ. ಶೇಕಡಾವಾರು ಕೂಡಿಸುತ್ತಾ ಹೋದರೆ ಇರುವ ಮಂಜುಗಡ್ಡೆಯೂ ಲೆಕ್ಕದಿಂದ ಜಾರಿಹೋಗುತ್ತದೆ. ಶೇ. 15ರ ಗೆರೆ ಈ ತೊಂದರೆಯನ್ನು ಬಹಳಮಟ್ಟಿಗೆ ತಪ್ಪಿಸುತ್ತದೆ. ಇನ್ನೊಂದು ವಿಷಯ: ದುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆ ಮಾಡಿರುವುದರಿಂದ ಎಲ್ಲಾ ಚೌಕಗಳೂ ನಿಜವಾಗಿ 625 ಚದರ ಕಿಲೋಮೀಟರ್ ಇರುವುದಿಲ್ಲ. ಪ್ರತಿ ಚೌಕದ ವಿಸ್ತೀರ್ಣ ಹೇಳುವ ಫೈಲ್ ಬೇರೆ ಇದೆ, ಅದನ್ನೇ ಬಳಸಬೇಕು.

ಆರ್ಕ್ಟಿಕ್‌ನಲ್ಲಿ ಮಂಜುಗಡ್ಡೆ ಅತಿ ಕಡಿಮೆ ಇರುವುದು ಸೆಪ್ಟೆಂಬರ್‌ನಲ್ಲಿ. ಹಾಗಾಗಿ ನಾನು ಸೆಪ್ಟೆಂಬರ್‌ಗಳನ್ನು ಮಾತ್ರ ಸಾಲಾಗಿ ಇಟ್ಟೆ. 1980ರ ದಶಕದಲ್ಲಿ ತಿಂಗಳ ಸರಾಸರಿ ಸುಮಾರು 70 ಲಕ್ಷ ಚದರ ಕಿಲೋಮೀಟರ್. 2012ರ ಸೆಪ್ಟೆಂಬರ್ ಮಧ್ಯದಲ್ಲಿ ಒಂದು ದಿನ ಅದು ಸುಮಾರು 34 ಲಕ್ಷಕ್ಕೆ ಇಳಿಯಿತು. ಮರುವರ್ಷ ಮತ್ತೆ 50 ಲಕ್ಷ ದಾಟಿತು. ಈ ಎರಡು ಚುಕ್ಕೆ ಮಾತ್ರ ನೋಡಿದರೆ ಎಲ್ಲಾ ಸರಿಹೋಯಿತು ಅನ್ನಿಸಬಹುದು. ಒಂದೊಂದು ವರ್ಷದ ಏರಿಳಿತ ಗಾಳಿ, ಮೋಡ, ಬಿರುಗಾಳಿಯ ಮೇಲೂ ನಿಂತಿದೆ. ಅದಕ್ಕೇ ಹತ್ತು ಹತ್ತು ವರ್ಷದ ಸರಾಸರಿ ತೆಗೆದೆ. 2011ರಿಂದ 2020ರ ಸರಾಸರಿ 50 ಲಕ್ಷಕ್ಕಿಂತ ಕೆಳಗಿದೆ. ಆ ಗೆರೆ ಇಳಿದಿರುವುದನ್ನು ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು.

ಇಳಿಕೆಗೆ ಇಳಿಕೆಯೇ ಇಂಬು ಕೊಡುತ್ತದೆ. ಹಿಮ ಹೊದ್ದ ಮಂಜುಗಡ್ಡೆ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಬಹುಪಾಲನ್ನು ವಾಪಸ್ ಕಳಿಸುತ್ತದೆ. ತೆರೆದ ಸಮುದ್ರ ಶೇ. 6ರಷ್ಟನ್ನು ಮಾತ್ರ ಕಳಿಸಿ ಉಳಿದದ್ದನ್ನು ಹೀರಿಕೊಳ್ಳುತ್ತದೆ. ಆ ಶಾಖ ಮುಂದಿನ ಚಳಿಗಾಲದ ಮಂಜುಗಡ್ಡೆಯನ್ನು ತಡಮಾಡುತ್ತದೆ, ತೆಳ್ಳಗೆ ಮಾಡುತ್ತದೆ.

ಅಂಟಾರ್ಕ್ಟಿಕದ ಗ್ರಾಫ್ ಬೇರೆಯೇ. 2014ರಲ್ಲಿ ಅಲ್ಲಿಯ ಚಳಿಗಾಲದ ಗರಿಷ್ಠ 200 ಲಕ್ಷ ಚದರ ಕಿಲೋಮೀಟರ್ ದಾಟಿ ದಾಖಲೆಯಾಯಿತು. 2023ರ ಫೆಬ್ರವರಿಯಲ್ಲಿ, ಅಂದರೆ ಅಲ್ಲಿಯ ಬೇಸಿಗೆಯಲ್ಲಿ, 18 ಲಕ್ಷದ ಹತ್ತಿರ ಬಂದು ಕನಿಷ್ಠ ದಾಖಲೆಯಾಯಿತು. ಎರಡೂ ಧ್ರುವವನ್ನು ಕೂಡಿಸಿ ಒಂದೇ ಗೆರೆ ಎಳೆಯುವುದನ್ನು ನಾನು ಒಪ್ಪುವುದಿಲ್ಲ.

ತೇಲುವ ಮಂಜುಗಡ್ಡೆ ಕರಗಿದರೆ ಸಮುದ್ರದ ಮಟ್ಟ ಹೆಚ್ಚುಕಡಿಮೆ ಏರುವುದೇ ಇಲ್ಲ. ಏರುವುದು ನೆಲದ ಮೇಲಿನ ಹಿಮನದಿ, ಹಿಮಹಾಸು ಕರಗಿದಾಗ. ಅಲ್ಲಿ ಅಗಲ ನೋಡಿದರೆ ಸಾಲದು, ತೂಕ ಬೇಕು. ಅದಕ್ಕೆ ನಾನು ಗ್ರೇಸ್ ಉಪಗ್ರಹಗಳ ಡೇಟಾ ತೆಗೆದುಕೊಂಡೆ. 2002ರಲ್ಲಿ ಹಾರಿದ ಈ ಜೋಡಿ ಉಪಗ್ರಹಗಳು ಒಂದರ ಹಿಂದೆ ಒಂದು ಸುತ್ತುತ್ತಿದ್ದವು. ಕೆಳಗೆ ಭಾರ ಜಾಸ್ತಿ ಇದ್ದಲ್ಲಿ ಸೆಳೆತ ಜಾಸ್ತಿ, ಅವುಗಳ ನಡುವಿನ ಅಂತರ ಕೂದಲೆಳೆಯಷ್ಟು ಬದಲಾಗುತ್ತದೆ. ಅದರಿಂದಲೇ ಹಿಮದ ತೂಕ ತಿಳಿಯುತ್ತದೆ. ಗ್ರೀನ್‌ಲ್ಯಾಂಡ್ ವರ್ಷಕ್ಕೆ ಸರಾಸರಿ ಸುಮಾರು 27,000 ಕೋಟಿ ಟನ್ ಕಳೆದುಕೊಂಡಿದೆ. ಸಮುದ್ರ ಒಂದು ಮಿಲಿಮೀಟರ್ ಏರಲು ಸುಮಾರು 36,000 ಕೋಟಿ ಟನ್ ನೀರು ಬೇಕು. ಅಂದರೆ ಗ್ರೀನ್‌ಲ್ಯಾಂಡ್ ಒಂದರಿಂದಲೇ ವರ್ಷಕ್ಕೆ ಮುಕ್ಕಾಲು ಮಿಲಿಮೀಟರ್.

ಹಳೆಯ ಜೋಡಿ 2017ರಲ್ಲಿ ನಿಂತಿತು, ಹೊಸದು 2018ರ ಮೇನಲ್ಲಿ ಹಾರಿತು. ನಡುವಿನ ತಿಂಗಳುಗಳನ್ನು ನನ್ನ ಗ್ರಾಫಿನಲ್ಲಿ ಖಾಲಿಯೇ ಬಿಟ್ಟಿದ್ದೇನೆ, ಸುಮ್ನೆ ಗೆರೆ ಎಳೆದು ಸೇರಿಸಿಲ್ಲ. ಹಿಮಯುಗದ ಭಾರ ಇಳಿದ ಮೇಲೆ ನೆಲ ಇನ್ನೂ ಮೇಲೇಳುತ್ತಿದೆ, ಉಪಗ್ರಹಕ್ಕೆ ಅದೂ ತೂಕದ ಬದಲಾವಣೆಯಾಗಿಯೇ ಕಾಣುತ್ತದೆ, ಆ ಪಾಲನ್ನೂ ಕಳೆಯಬೇಕು. ಅಂಟಾರ್ಕ್ಟಿಕದಲ್ಲಿ ಈ ತಿದ್ದುಪಡಿ ಬಹಳ ದೊಡ್ಡದು. ಹಾಗಾಗಿ ಅಲ್ಲಿಯ ಗೆರೆಯ ಜೊತೆಗೆ ಅದು ಎಷ್ಟು ಹೆಚ್ಚುಕಡಿಮೆ ಇರಬಹುದು ಅಂತ ಹೇಳುವ ಅನಿಶ್ಚಿತತೆಯ ಪಟ್ಟೆಯನ್ನೂ ತೋರಿಸಲೇಬೇಕು.